ಕಾಡುಬಸಳೆಯ ಎಲೆಯಂಚಿನಲ್ಲಿ ಮರಿಗಳು ಕೂತದ್ದು

ಲೋಕ ಇನ್ನೂ ಹೊಸದಾಗಿದ್ದ ಕಾಲ. ಬಂಡೆಗಳ ಬಿಸಿ ಪೂರ್ತಿ ಆರಿರಲಿಲ್ಲ. ಹಳ್ಳಕ್ಕೆ ತಾನು ಯಾವ ಕಡೆ ಹರಿಯಬೇಕೆಂದು ಗೊತ್ತಿರಲಿಲ್ಲ; ದಾರಿಯಲ್ಲಿ ಸಿಕ್ಕವರನ್ನೆಲ್ಲ ಕೇಳಿಕೊಂಡು ಹೋಗುತ್ತಿತ್ತು.

ಆಗ ಕಾಡುಬಸಳೆಯ ಎಲೆ ದಪ್ಪಗೆ, ನೀರು ತುಂಬಿಕೊಂಡು ಇದ್ದದ್ದು ನಿಜ. ಆದರೆ ಅದರ ಅಂಚು ತಟ್ಟೆಯ ಅಂಚಿನ ಹಾಗೆ ನುಣ್ಣಗಿತ್ತು. ಹೊಸ ಗಿಡ ಬೇಕೆಂದರೆ ಚೂರಿಯಿಂದ ಕಡ್ಡಿ ಕುಯ್ದು ನೆಡಬೇಕಿತ್ತು.

ಬಂಡೆಯ ನೆರಳಲ್ಲಿ ಬೋರಕ್ಕ ಅಂತ ಒಬ್ಬಳಿದ್ದಳು. ಅವಳ ಮನೆಯ ಗೋಡೆಗುಂಟ ಮಡಕೆಗಳಲ್ಲಿ ಕಾಡುಬಸಳೆ ಬೆಳೆದಿತ್ತು. ಆಗ ಆ ಗಿಡ ಬೇರೆ ಯಾರ ಮನೆಯಲ್ಲೂ ಇರಲಿಲ್ಲ. ಯಾರಿಗೆ ಕುರು ಎದ್ದರೂ ಅವಳ ಬಾಗಿಲಿಗೇ ಬರುತ್ತಿದ್ದರು. ಅವಳು ಎಲೆಯನ್ನು ಕೆಂಡದ ಮೇಲೆ ಬಾಡಿಸಿ ಕಟ್ಟಿ ಕಳಿಸುತ್ತಿದ್ದಳು.

ಒಂದು ಬೆಳಿಗ್ಗೆ ಒಂದು ಗಿಡದ ಎಲೆಯಲ್ಲಿ ಹಳದಿ ಉಂಗುರಗಳು ಕಂಡವು. ಉಂಗುರದ ಪಕ್ಕ ಉಂಗುರ. ಹೊಸ ಚಿಗುರು ಸುರುಟಿಕೊಂಡಿತ್ತು.

"ಬಾಯಾರಿರಬೇಕು" ಅಂತ ಬೋರಕ್ಕ ನೀರು ಹಾಕಿದಳು. ಉಂಗುರ ಹೋಗಲಿಲ್ಲ. ನೆರಳಿಗೆ ಇಟ್ಟಳು. ಹೋಗಲಿಲ್ಲ. ಜೊತೆಯವರ ನಡುವೆ ಇದ್ದರೆ ಗೆಲುವಾಗುತ್ತದೆಂದು ಉಳಿದ ಮಡಕೆಗಳ ಮಧ್ಯಕ್ಕೆ ತಂದಿಟ್ಟಳು. ಆಮೇಲೆ ಚೂರಿ ತೆಗೆದುಕೊಂಡು ಹಳದಿ ಬಿದ್ದ ಎಲೆಗಳನ್ನು ಕುಯ್ದು ಎಸೆದಳು. ಅದೇ ಚೂರಿಯಲ್ಲಿ ಪಕ್ಕದ ಗಿಡದ ಕಡ್ಡಿಯನ್ನೂ ಕುಯ್ದು ನೆಟ್ಟಳು.

ಸ್ವಲ್ಪ ದಿನದಲ್ಲಿ ಪಕ್ಕದ ಗಿಡಕ್ಕೂ ಉಂಗುರ. ಅದರ ಪಕ್ಕದ್ದಕ್ಕೂ ಉಂಗುರ.

ಬೋರಕ್ಕ ಸೂರ್ಯನ ಕಡೆ ತಿರುಗಿದಳು. "ನೀನೇನಪ್ಪ ಸುಟ್ಟಿದ್ದು?"

"ನಾನಲ್ಲ" ಅಂದ ಸೂರ್ಯ. "ನಾನು ಸುಟ್ಟರೆ ನನಗೆ ಕಾಣುವ ಮಗ್ಗುಲು ಒಣಗಿ ಕಂದಾಗುತ್ತದೆ. ಇದು ಎಲೆಯ ಒಳಗಿಂದ ಬಂದದ್ದು."

ಹಳ್ಳವನ್ನು ಕೇಳಿದಳು. "ನಾನಲ್ಲ" ಅಂದಿತು ಹಳ್ಳ. "ನಾನು ಹೆಚ್ಚಾದರೆ ಬುಡ ಕೊಳೆಯುತ್ತದೆ. ಬುಡ ಮುಟ್ಟಿ ನೋಡವ್ವ, ಗಟ್ಟಿಯಾಗಿದೆ."

ಇರುವೆಯನ್ನು ಕೇಳಿದಾಗ ಅದು ಮೀಸೆ ಒರೆಸಿಕೊಂಡು ನಿಂತಿತು.

"ಹೇಳು ಮಗ, ಬಯ್ಯಲ್ಲ" ಅಂದಳು ಬೋರಕ್ಕ.

"ಎಲೆ ಸಂದಿನಲ್ಲಿ ಹಿಟ್ಟು ಮೆತ್ತಿದ ಹಾಗೆ ಬಿಳಿ ಹುಳ ಇದೆಯಲ್ಲ, ಅದು ಗಿಡದ ರಸ ಹೀರುತ್ತೆ. ಅದು ಬಿಡೋ ಸಿಹಿ ನಮಗೆ ಬೇಕು. ಅದಕ್ಕೆ ನಾವು ಅದನ್ನ ಒಂದು ಗಿಡದಿಂದ ಇನ್ನೊಂದಕ್ಕೆ ಹೊತ್ತುಕೊಂಡು ಹೋಗ್ತೀವಿ."

ಬಿಳಿ ಹುಳ ಅಂದಿತು, "ನಾನು ಹೀರೋದು ನಿಜ. ಆದರೆ ನನ್ನ ಬಾಯಿಗೆ ಏನೋ ಅಂಟಿಕೊಂಡು ಬರುತ್ತೆ. ಅದು ಏನು ಅಂತ ನಂಗೂ ಗೊತ್ತಿಲ್ಲ. ನಿನ್ನ ಚೂರಿಗೂ ಅಂಟಿದೆ."

ಬೋರಕ್ಕ ಚೂರಿಯನ್ನು ಕೆಳಗಿಟ್ಟಳು. ಆ ಅಂಟಿದ್ದನ್ನೇ ಕರೆದು ಕೇಳಿದಳು, "ಯಾರು ನೀನು?" ಅದು ಮಾತಾಡಲಿಲ್ಲ. ಕಲ್ಲೂ ನೀರೂ ಮಾತಾಡುತ್ತಿದ್ದ ಆ ಕಾಲದಲ್ಲಿ ಅದೊಂದೇ ಮಾತಾಡಲಿಲ್ಲ. ಅದಕ್ಕೆ ಬಾಯಿರಲಿಲ್ಲ, ಕಣ್ಣಿರಲಿಲ್ಲ. ಇನ್ನೊಬ್ಬರ ಮೈಯೊಳಗೆ ಹೊಕ್ಕರೆ ಮಾತ್ರ ಅದು ಬೆಳೆಯುತ್ತಿತ್ತು.

ಕೊನೆಗೆ, ಮೊದಲು ಕಾಯಿಲೆ ಬಿದ್ದ ಗಿಡವೇ ಹೇಳಿತು. "ಬೋರಕ್ಕ, ಇದು ನನ್ನ ನೀರಲ್ಲೇ ಸೇರಿದೆ. ಎಲೆ ಕುಯ್ದರೆ ಹೋಗಲ್ಲ, ಔಷಧಿ ಸುರಿದರೂ ಹೋಗಲ್ಲ. ನನ್ನ ಕಡ್ಡಿ ನೆಟ್ಟರೆ ಅದಕ್ಕೂ ಬರುತ್ತೆ. ಉಂಗುರ ಬಿದ್ದವರನ್ನೆಲ್ಲ ಬೆಂಕಿಗೆ ಹಾಕು. ಹಿತ್ತಲ ಬಾಗಿಲ ಹತ್ತಿರದ ಮಡಕೆಯಲ್ಲಿ ಒಂಟಿಯಾಗಿ ಇದಾಳಲ್ಲ, ಇನ್ನೂ ಉಂಗುರ ಬೀಳದವಳು, ಅವಳನ್ನ ಉಳಿಸಿಕೋ."

ಬೋರಕ್ಕ ಸೆರಗಲ್ಲಿ ಮುಖ ಒರೆಸಿಕೊಂಡು ಎದ್ದಳು. ಉಂಗುರ ಬಿದ್ದ ಗಿಡಗಳನ್ನು ಬೇರು ಸಮೇತ ಕಿತ್ತು, ಬಯಲಲ್ಲಿ ರಾಶಿ ಹಾಕಿ ಸುಟ್ಟಳು. ಆ ಮಣ್ಣನ್ನೂ ದೂರ ಸುರಿದಳು. ಚೂರಿಯನ್ನು ಬೆಂಕಿಯಲ್ಲಿ ಕೆಂಪಗೆ ಕಾಯಿಸಿದಳು. ಕೈಯನ್ನು ಸೀಗೆಪುಡಿ ಹಚ್ಚಿ ತೊಳೆದಳು. ಆಮೇಲಷ್ಟೇ ಹಿತ್ತಲ ಗಿಡವನ್ನು ಮುಟ್ಟಿದಳು. ಅದರ ಎಲೆಸಂದುಗಳನ್ನೆಲ್ಲ ಒದ್ದೆ ಬಟ್ಟೆಯಲ್ಲಿ ಒರೆಸಿ, ಹಳ್ಳದಾಚೆ ಇದ್ದ ತಂಗಿ ನಿಂಗಿಯ ಮನೆಗೆ ಹೊತ್ತುಕೊಂಡು ಹೋದಳು.

"ಒಳಗೆ ತರಬೇಡ ಅಕ್ಕ" ಅಂದಳು ನಿಂಗಿ, ನಡೆದದ್ದನ್ನೆಲ್ಲ ಕೇಳಿ. "ನಿನ್ನ ಮೇಲೆ ಕೋಪ ಇಲ್ಲ. ಈಗ ಚೆನ್ನಾಗಿ ಕಂಡರೂ ಒಳಗೆ ಏನಿದೆಯೋ. ನಮ್ಮ ಅಂಗಳದಾಚೆ ಆ ಬಂಡೆ ಮೇಲೆ ಒಂದೇ ಇರಲಿ. ಹೊಸ ಎಲೆ ಬರಲಿ, ನೋಡೋಣ."

ಅಕ್ಕತಂಗಿ ಇಬ್ಬರೂ ದಿನಾ ಬಂಡೆಯ ಹತ್ತಿರ ಹೋಗುತ್ತಿದ್ದರು. ಮೊದಲ ಚಿಗುರು ಬಿಚ್ಚುವಾಗ ಬೋರಕ್ಕನಿಗೆ ನೋಡಲು ಧೈರ್ಯವಾಗಲಿಲ್ಲ. "ನೀನೇ ನೋಡೇ" ಅಂದು ಮುಖ ತಿರುಗಿಸಿದಳು.

ನಿಂಗಿ ಎಲೆಯನ್ನು ಬೆಳಕಿಗೆ ಹಿಡಿದು ಮೇಲೆ ನೋಡಿದಳು, ಕೆಳಗೆ ನೋಡಿದಳು. "ಒಂದು ಚುಕ್ಕೆಯೂ ಇಲ್ಲ ಅಕ್ಕ. ಹಸಿರು ಅಂದರೆ ಹಸಿರು."

ಬೋರಕ್ಕ ಈಗ ತಿರುಗಿ ತಾನೇ ಎಲೆಯನ್ನು ಮುಟ್ಟಿ ನೋಡಿದಳು. ಇನ್ನೂ ಎಲೆಗಳು ಬಂದವು. ಅವೂ ಹಸಿರು. ಅದನ್ನು ಕಂಡ ದಿನ ಅಕ್ಕತಂಗಿಯರು ಬಂಡೆಯ ಮೇಲೆಯೇ ಬುತ್ತಿ ಬಿಚ್ಚಿ ಉಂಡರು.

ಗಿಡ ಮಾತ್ರ ಚಿಂತೆಯಲ್ಲಿತ್ತು. ಅದು ನೆಲವನ್ನು ಕೇಳಿತು, "ಅಮ್ಮ, ನಾನೊಬ್ಬಳೇ ಉಳಿದೆ. ನನಗೆ ಮಕ್ಕಳಾಗಬೇಕಾದರೆ ಮತ್ತೆ ಚೂರಿ ಬರುತ್ತೆ. ಚೂರಿ ಎಲ್ಲೆಲ್ಲಿ ತಿರುಗಿ ಬಂದಿರುತ್ತೋ. ಬೇರೆ ದಾರಿ ಇಲ್ವಾ?"

ನೆಲ ಯೋಚಿಸಿತು. "ನಿನ್ನ ಎಲೆಯಲ್ಲಿ ಬೇಕಾದಷ್ಟು ನೀರಿದೆ. ಒಂದು ಎಲೆ ಉದುರಿಸು."

ಗಿಡ ಒಂದು ಬಲಿತ ಎಲೆಯನ್ನು ಉದುರಿಸಿತು. ನೆಲ ಅದರ ಅಂಚನ್ನು, ಕರಿಗಡುಬಿನ ಅಂಚು ಒತ್ತುವ ಹಾಗೆ, ಮೆಲ್ಲಗೆ ಒತ್ತುತ್ತ ಹೋಯಿತು. ಒತ್ತಿದಲ್ಲೆಲ್ಲ ಒಂದು ಕಚ್ಚು ಮೂಡಿತು. ಕಚ್ಚಿನಲ್ಲಿ ಸಾಸಿವೆಯಷ್ಟು ಚಿಗುರು ಎದ್ದಿತು. ಚಿಗುರಿನ ಕೆಳಗೆ ಕೂದಲೆಳೆಯಂಥ ಬೇರು ಇಳಿಯಿತು. ಯಾರೂ ಕುಯ್ಯಲಿಲ್ಲ, ಯಾರೂ ನೆಡಲಿಲ್ಲ.

"ಬೋರಕ್ಕ, ನೋಡು ಬಾ" ಅಂತ ಗಿಡ ಕರೆಯಿತು. ಅವಳು ಬಂದು ನೋಡಿದರೆ ಎಲೆಯ ಸುತ್ತ ಮರಿಗಳು ಸಾಲಾಗಿ ಕೂತಿದ್ದವು. ಒಂದನ್ನು ಬೆರಳಲ್ಲಿ ಮುಟ್ಟಿದಳು. ಬೇರು ಸಮೇತ ಕೈಗೇ ಬಂತು.

ನಿಂಗಿಗೆ ಒಂದು ಮರಿ, ಅವಳ ನೆರೆಯವರಿಗೆ ಒಂದು, ಗುಡ್ಡದ ಹಿಂದಿನವರಿಗೆ ಒಂದು, ಹೀಗೆ ಬೋರಕ್ಕ ಹಂಚಿದಳು. ಕೊಡುವಾಗ ಎಲ್ಲರಿಗೂ ಒಂದೇ ಮಾತು ಹೇಳಿದಳು: "ಹೊಸದನ್ನ ಸ್ವಲ್ಪ ದಿನ ಬೇರೆ ಇಡಿ. ಎಲೆ ಎತ್ತಿ ಕೆಳಗೆ ನೋಡಿ. ಬಿಳಿ ಹುಳ ಕಂಡರೆ ಒರೆಸಿ. ಉಂಗುರ ಕಂಡ ಗಿಡದ ಮರಿ ಮಾತ್ರ ಯಾರಿಗೂ ಕೊಡಬೇಡಿ."

ಅವತ್ತಿನಿಂದ ಕಾಡುಬಸಳೆ ತನ್ನ ಮಕ್ಕಳಿಗಾಗಿ ಚೂರಿಯನ್ನು ಕಾಯುವುದಿಲ್ಲ. ಅದಕ್ಕೇ ಮಗೂ, ನೀನು ಅದರ ಎಲೆಯೊಂದನ್ನು ಕಿತ್ತು ಪುಸ್ತಕದ ನಡುವೆ ಇಟ್ಟು ಮರೆತರೂ, ಮುಂದೊಂದು ದಿನ ತೆರೆದಾಗ ಅದರ ಅಂಚಿನ ಕಚ್ಚುಗಳಲ್ಲಿ ಪುಟ್ಟ ಪುಟ್ಟ ಗಿಡಗಳು ಬೇರು ಬಿಟ್ಟುಕೊಂಡು ಕೂತಿರುತ್ತವೆ.