ಬನವ್ವನ ಓಲೆಕಟ್ಟು

ಬಹಳ ಹಿಂದೆ, ನಮ್ಮಜ್ಜಿಯ ಅಜ್ಜಿಗೂ ಹಲ್ಲು ಮೂಡದ ಕಾಲದಲ್ಲಿ, ಒಂದೂರಲ್ಲಿ ಬನವ್ವ ಅಂತ ಸೀರೆ ನೇಯುವ ಹೆಣ್ಣುಮಗಳು ಇದ್ದಳಂತೆ. ಕೈ ಮಗ್ಗದ ಮೇಲೆ, ಬಾಯಿ ಹಾಡಿನ ಮೇಲೆ. ಲಾಳಿ ಅತ್ತ ಹೋಗಿ ಇತ್ತ ಬರುವಷ್ಟರಲ್ಲಿ ಮೂರು ಸಾಲಿನ ಪದ ಕಟ್ಟುತ್ತಿದ್ದಳಂತೆ. ಮಗ್ಗದ ಬಡಿತಕ್ಕೆ ಒಂದಕ್ಷರ ಹೆಚ್ಚಾದರೂ ಎಳೆ ಬಿಚ್ಚಿದ ಹಾಗೆ ಬಿಚ್ಚಿ ಮತ್ತೆ ಕಟ್ಟುವಳು. ಅವಳು ಶೋಬಾನೆ ಹಾಡದೆ ಊರಲ್ಲಿ ಮದುವೆಯಿಲ್ಲ, ಅವಳು ಜೋಗುಳ ಹಾಡದೆ ತೊಟ್ಟಿಲಿಲ್ಲ. ನೆಲ ಹಿಡಿದ ಎತ್ತೊಂದು ಅವಳ ಹಾಡಿಗೆ ಎದ್ದು ನಿಂತಿತಂತೆ. ಎತ್ತಿನ ಮಾತು ಬೇಕಾದರೆ ಬಿಡಿ, ಉಳಿದದ್ದು ನಿಜ.

ಇವು ಊರಿಗೆ ಕಟ್ಟಿದವು. ತನಗೇ ಕಟ್ಟಿಕೊಂಡವು ಬೇರೆ ಇದ್ದವು. ಮನೆಯಲ್ಲಿ ಯಾರೂ ಇಲ್ಲದಾಗ, ತಾನು ಪಟ್ಟ ಹೊಟ್ಟೆಕಿಚ್ಚು, ಆಡಿದ ಸುಳ್ಳು, ಎಲ್ಲವನ್ನೂ ಮಗ್ಗಕ್ಕಷ್ಟೇ ಕೇಳುವ ಹಾಗೆ ಹಾಡುತ್ತಿದ್ದಳಂತೆ. ಅಲ್ಲಿಯೂ ಅಕ್ಷರ ತಪ್ಪುವ ಹಾಗಿರಲಿಲ್ಲ.

ಮುಪ್ಪು ಬಂತು. ಇಷ್ಟೆಲ್ಲ ಹಾಡು ಮಣ್ಣುಪಾಲಾದೀತೆಂದು ಊರವರು ಓಲೆಗರಿ ಬರೆಯುವ ರಾಚಯ್ಯನನ್ನು ಕರೆಸಿದರಂತೆ. ಮೂರು ತಿಂಗಳು ಅವಳು ಹೇಳಿದಳು, ಅವನು ಬರೆದ. ಊರಿನ ಹಾಡು ಮುಗಿದು ಅವಳ ಹಾಡು ಶುರುವಾದಾಗ ಅವನ ಕೈ ನಿಂತಿತು. ಹಾಡು ನೂರು ವರ್ಷ ಉಳಿಯಲಿ, ತಪ್ಪೂ ಉಳಿಯಬೇಕೇ ಎಂದನಂತೆ.

"ಹಾಸು ಇಟಗೊಂಡು ಹೊಕ್ಕು ಕಿತ್ತರ ಸೀರಿ ಉಳಿತೈತೇನ್ರಿ ಅಯ್ಯಾರ?" ಎಂದಳು ಬನವ್ವ.

ರಾಚಯ್ಯ ಆಗಲೆಂದು ತಲೆಯಾಡಿಸಿದ. ಆದರೆ ಚಾವಡಿಯಲ್ಲಿ ಊರೆಲ್ಲ ಕೂಡಿದ ದಿನ ಓದಿದ್ದು ಊರಿನ ಹಾಡುಗಳನ್ನಷ್ಟೇ. ಓದಿ ಓಲೆಕಟ್ಟಿಗೆ ದಾರದ ಗಂಟು ಹಾಕಿದ. ಅರ್ಧ ಬನವ್ವ ಕಟ್ಟಿನ ಹೊರಗೇ ಉಳಿದಳು. ಎದ್ದು ಕೇಳೋಣವೆಂದರೆ ಎದುರಿಗೇ ಸೊಸೆ ಸಾತವ್ವ ಕೂತಿದ್ದಳು. ಬಿಟ್ಟುಹೋದ ಹಾಡುಗಳಲ್ಲೆಲ್ಲ ಭಾರವಾದದ್ದು ಅವಳ ಮೇಲೆ ಕಟ್ಟಿದ್ದೇ. ಏಳಲು ಹೋದವಳು ಮತ್ತೆ ಕೂತಳಂತೆ.

ಆಗ ಸಾತವ್ವನೇ ಎದ್ದಳು. "ನನ್ನ ಹಾಡ ಎಲ್ಲೈತ್ರಿ?" ಎಂದಳು. ಯಾವ ಹಾಡೆಂದು ಯಾರಿಗೂ ತಿಳಿಯಲಿಲ್ಲ. ಅವಳು ಸೆರಗು ಹೊದ್ದು ಹಾಡಿಯೇಬಿಟ್ಟಳಂತೆ:

ಹಸಿದ ಬಸುರಿಗೆ ನಾನು ಅರೆರೊಟ್ಟಿ ನೀಡಿದೆ
ಮಸಿಗಡಿಗ್ಯಾಗ ಬೆಣ್ಣಿ ಮುಚ್ಚಿಟ್ಟೆ | ನನ ಸೊಸಿಯ
ಬಿಸಿಯ ಕಣ್ಣೀರ ಕುಡಿದೆವ್ವ

"ನೀರಿನ ಕೊಡ ಹೊತಗೊಂಡು ಗ್ವಾಡಿ ಹಿಂದ ನಿಂತು ಕೇಳೇನ್ರಿ. ನಮ್ಮತ್ತಿ ತಪ್ಪಾತು ಅಂತ ನನ್ನ ಮುಂದ ಒಂದಿನಾನೂ ಅನಲಿಲ್ಲ. ನನ್ನ ಪಾಲಿಗೆ ಬಂದದ್ದು ಇದೊಂದ ಹಾಡು. ಇದನ್ನ ಬರೀರಿ."

ಬನವ್ವ ಅತ್ತಳು. ನಾಚಿಕೆಗೂ ಅತ್ತಳು. ಅಳುತ್ತಲೇ, ಸೊಸೆ ಒಂದಕ್ಷರವೂ ತಪ್ಪಲಿಲ್ಲವಲ್ಲ ಎಂದು ಎದೆಯುಬ್ಬಿ ಕೂತಳಂತೆ. ರಾಚಯ್ಯ ಗಂಟು ಬಿಚ್ಚಿದ.

ಇವತ್ತಿಗೂ ಆ ಊರಲ್ಲಿ ಮದುವೆಯಾಗಿ ಬಂದ ಸೊಸೆ ಹೊಸ್ತಿಲಾಚೆಯೇ ನಿಲ್ಲುತ್ತಾಳೆ. ಅತ್ತೆ ಮೊದಲು ಬನವ್ವನ ಶೋಬಾನೆ ಹಾಡಬೇಕು, ಆಮೇಲೆ ಬನವ್ವನ ತಪ್ಪಿನ ಪದ ಹಾಡಬೇಕು, ಬೆಣ್ಣೆಯಿಟ್ಟ ಇಡೀ ರೊಟ್ಟಿ ಕೈಗೆ ಕೊಡಬೇಕು. ಆಮೇಲೆಯೇ ಸೊಸೆ ಬಲಗಾಲು ಒಳಗಿಡುವುದು. ಅತ್ತೆ ಒಂದಕ್ಷರ ತಪ್ಪಿದರೂ ಸೊಸೆ ಅಲ್ಲೇ ತಿದ್ದಬಹುದು. ತಿದ್ದಿದರೆ ಅತ್ತೆ ಎದುರಾಡುವಂತಿಲ್ಲ, ಮೊದಲಿಂದ ಹಾಡಬೇಕು.