ಮುಹೂರ್ತ ನೋಡುತ್ತಿದ್ದ ಕಂಪ್ಯೂಟರ್

ಕಲ್ಯಾಣ ಮಂಟಪದ ಕಚೇರಿಯಲ್ಲಿ ಒಂದು ಹಳೆಯ ಕಂಪ್ಯೂಟರ್ ಇತ್ತು. ಅದರ ನಿಧಾನಕ್ಕೆ ಬೇಸತ್ತ ಮ್ಯಾನೇಜರ್ ಇಂದುಮತಿ, “ನಾಳೆ ಇದನ್ನು ಗುಜರಿಗೆ ಹಾಕುತ್ತೇನೆ” ಎಂದು ಕಾಫಿಗೆ ಎದ್ದರು.

ಮೌಸ್ ಗಾಬರಿಯಿಂದ ಕೇಳಿತು: “ಅಣ್ಣಾ, ನಿನಗೇನಾಗಿದೆ?”

“ವಯಸ್ಸಾಯಿತು, ತಮ್ಮಾ. ಹಿಂದೆ ಅಮ್ಮ ಬಟನ್ ಒತ್ತಿದರೆ, ಬೆರಳು ಎತ್ತುವುದರೊಳಗೆ ಮೇಲ್ ಹೊರಟಿರುತ್ತಿತ್ತು. ಅದೆಂಥ ಒಳ್ಳೆಯ ಕಾಲ!”

“ಈಗ ಒತ್ತಿದರೆ?”

“ಮುಹೂರ್ತನನ್ನು ಕೇಳುತ್ತೇನೆ. ರಾಹುಕಾಲದಲ್ಲಿ ಮೇಲ್ ಹೋಗಬಾರದೆಂದು ಅಮ್ಮನೇ ನನ್ನೊಳಗೆ ಹಾಕಿಸಿದ ಆಡ್-ಆನ್ ಎಂಬ ಪುಟ್ಟ ಪ್ರೋಗ್ರಾಂ ಅವನು.”

ಮುಹೂರ್ತ ಒಳಗಿನಿಂದಲೇ ಗತ್ತಿನಲ್ಲಿ ಹೇಳಿದ: “ನಾನು ಕ್ಷಣಕ್ಷಣಕ್ಕೂ ಮೇಲ್‌ಗಳನ್ನೆಲ್ಲ ಎಬ್ಬಿಸಿ, ಹೊತ್ತು ಬಂತೇ ಎಂದು ವಿಚಾರಿಸುತ್ತೇನೆ.”

“ಹೋದ ವರ್ಷವೇ ಹೋಗಿ ಮುಟ್ಟಿದವನ್ನೂ?”

“ಅವನ್ನೂ. ಪದ್ಧತಿ ಎಂದರೆ ಪದ್ಧತಿ!”

ಮೌಸ್ ಒಂದೇ ಕ್ಲಿಕ್ಕಿನಲ್ಲಿ ಮುಹೂರ್ತನನ್ನು ಆಫ್ ಮಾಡಿತು.

ಇಂದುಮತಿ ಬಂದು, ಮಂಟಪ ಕೇಳಿದ್ದ ಮದುವೆಯವರಿಗೆ ಬಾಡಿಗೆ ತಿಳಿಸುವ ಮೇಲ್ ಬರೆದು ಬಟನ್ ಒತ್ತಿದರು. ಮೇಲ್ ಹೊರಟೇಹೋಯಿತು. ಗಡಿಯಾರ ನೋಡಿದರೆ ರಾಹುಕಾಲ! “ಅಯ್ಯೋ” ಎನ್ನುವಷ್ಟರಲ್ಲಿ ಮದುಮಗಳ ತಂದೆಯ ಉತ್ತರ ಬಂತು: “ನಮಗೆ ಒಪ್ಪಿಗೆ. ಇನ್ನೊಂದು ಗಳಿಗೆ ತಡವಾಗಿದ್ದರೆ ಬೇರೆ ಮಂಟಪ ಹಿಡಿಯುತ್ತಿದ್ದೆವು.”

ಇಂದುಮತಿ ಸೆರಗಿನಿಂದ ಕಂಪ್ಯೂಟರಿನ ಧೂಳು ಒರೆಸಿದರು.

ಕಂಪ್ಯೂಟರ್ ಮೆಲ್ಲಗೆ ಹೇಳಿತು: “ನನಗೆ ವಯಸ್ಸಾಗಿರಲಿಲ್ಲ, ತಮ್ಮಾ. ಒಳ್ಳೆಯ ಕಾಲ ನೋಡುತ್ತಾ ಕೂತುಬಿಟ್ಟಿದ್ದೆ.”