ಎಣ್ಣೆ ಬಾಟಲಿಗೊಂದು ಜಾಗ

ಹರಿಹರದಲ್ಲಿ ಹೊಳೆಗೆ ಇಳಿಯುವ ದಾರಿಯ ಪಕ್ಕ ಮೌಲಾಲಿ ಉಸ್ತಾದರ ಗ್ಯಾರೇಜು. ಬೋರ್ಡು ಇಲ್ಲ. ಬೇಕಾದವರಿಗೆ ದಾರಿ ಗೊತ್ತು.

ಅಲ್ಲಿ ಕೆಲಸ ಕಲಿತವನಿಗೆ ಪರೀಕ್ಷೆ ಒಂದೇ. ಒಂದು ಕಾರಿನ ಕೆಲಸವನ್ನು ಮೊದಲಿಂದ ಕೊನೆತನಕ ಅವನೊಬ್ಬನೇ ಮಾಡಬೇಕು. ಆಮೇಲೆ ಉಸ್ತಾದರು ಸ್ಟೂಲು ಎಳೆದುಕೊಂಡು, ಕಾರಿಗೆ ಬೆನ್ನು ಹಾಕಿ, ಹೊಳೆಯ ಕಡೆ ಮುಖ ಮಾಡಿ ಕೂರುತ್ತಾರೆ. ಶಿಷ್ಯ ಇಂಜಿನ್ ಶುರು ಮಾಡುತ್ತಾನೆ. ಉಸ್ತಾದರು ಬರೀ ಕೇಳುತ್ತಾರೆ.

ಕೈ ಎತ್ತಿದರೆ ಅವನು ಮೆಕ್ಯಾನಿಕ್. ಎತ್ತದಿದ್ದರೆ ಇನ್ನೂ ಶಿಷ್ಯ.

ಈ ಸಲ ಫಕೀರಪ್ಪನ ಸರದಿ. ಬೈಪಾಸಿನ ಹತ್ತಿರ ಸ್ವಂತ ಗ್ಯಾರೇಜಿಗೆ ಅವನು ಜಾಗ ಹಿಡಿದಿದ್ದ. ಶೆಡ್ಡೂ ಎದ್ದಿತ್ತು. ಆದರೆ ಉಸ್ತಾದರ ಕೈ ಏಳದೆ ಆ ಊರಿನಲ್ಲಿ ಯಾರೂ ಹೊಸಬನ ಬಾಗಿಲಿಗೆ ಕಾರು ತರುವುದಿಲ್ಲ. ಶೆಡ್ಡನ್ನು ಯಾರು ಬೇಕಾದರೂ ಕಟ್ಟಬಹುದು. ನಂಬಿಕೆ ಅಂಗಡಿಯಲ್ಲಿ ಸಿಗುವ ಮಾಲಲ್ಲ.

ಕಾರು ತಂದವರು ವಕೀಲೆ ಸರ್ವಮಂಗಳಮ್ಮ. ಹಳೆಯ ಕಾರು, ಒಳ್ಳೆಯ ಕಾರು.

"ದಾವಣಗೆರೆಯಲ್ಲಿ ಹಳೇ ಕಾರುಗಳ ಪ್ರದರ್ಶನ ಇದೆ ಫಕೀರಪ್ಪ. ಎಲ್ಲರೂ ಬಾನೆಟ್ ಎತ್ತಿ ನಿಲ್ಲಿಸ್ತಾರೆ. ನನ್ನದು ಎತ್ತಿದರೆ ಸಂತೆ. ಈ ಬಾಟಲಿ ನೋಡು, ಮದುವೆ ಫೋಟೋದಲ್ಲಿ ಗಂಡು ಹೆಣ್ಣಿನ ನಡುವೆ ಬಂದು ನಿಂತ ದೂರದ ನೆಂಟನ ಹಾಗಿದೆ."

ಅದು ಪವರ್ ಸ್ಟೇರಿಂಗಿನ ಎಣ್ಣೆ ಬಾಟಲಿ. ಅದರಿಂದ ಒಂದು ಪೈಪು ಪಂಪಿಗೆ ಹೋಗುತ್ತದೆ, ಇನ್ನೊಂದು ಮರಳಿ ಬರುತ್ತದೆ. ಎರಡೂ ಇಂಜಿನ್ನಿನ ಮೇಲೆ ಅಡ್ಡಡ್ಡ ಬಿದ್ದಿದ್ದವು.

"ಜಾಗ ಬದಲಾಯಿಸ್ತೀನಮ್ಮ," ಅಂದ ಫಕೀರಪ್ಪ.

"ಸ್ಟೇರಿಂಗ್ ಮಾತ್ರ ಹಗುರಾನೇ ಇರಬೇಕು. ಮೆಟ್ಟಿಲಿಂದ ಬಿದ್ದಾಗಿಂದ ನನ್ನ ಎಡಭುಜ ಅಷ್ಟಕ್ಕಷ್ಟೆ. ಸ್ಟೇರಿಂಗ್ ಬಿಗಿಯಾದ ದಿನ ನಾನು ಕಾರು ಬಿಟ್ಟ ಹಾಗೆ."

ಫಕೀರಪ್ಪ ಬಾಟಲಿಯನ್ನು ಕಿತ್ತು, ಕೆಳಗೆ ಮೂಲೆಯಲ್ಲಿ, ಹೆಡ್‌ಲೈಟಿನ ಹಿಂದೆ ಅಡಗಿಸಿದ. ಬ್ರಾಕೆಟ್ಟನ್ನು ತಾನೇ ಬಗ್ಗಿಸಿ, ಉಜ್ಜಿ, ಬಣ್ಣ ಹೊಡೆದ. ಪೈಪುಗಳನ್ನು ಅಂಚಿನ ಗುಂಟ ಒಯ್ದು ಕ್ಲಿಪ್ಪು ಹಾಕಿದ. ಬಾನೆಟ್ ಎತ್ತಿದರೆ ಗುಡಿಸಿ ಸಾರಿಸಿದ ಪಡಸಾಲೆಯ ಹಾಗಿತ್ತು.

ಉಸ್ತಾದರು ಬಂದು ಬಗ್ಗಿ ನೋಡಿದರು. ಒಂದು ಕ್ಲಿಪ್ಪನ್ನು ಬೆರಳಿನಿಂದ ಸವರಿದರು.

"ಇಂಥ ಕೈ ನನಗೂ ಇಲ್ಲ," ಅಂದರು. ಸುಮ್ಮನೆ ಹೊಗಳುವ ಮನುಷ್ಯ ಅಲ್ಲ ಅವರು.

ಆಮೇಲೆ ಸ್ಟೂಲು ಎಳೆದು, ಬೆನ್ನು ಹಾಕಿ ಕೂತರು.

ಫಕೀರಪ್ಪ ಇಂಜಿನ್ ಶುರು ಮಾಡಿ ಸ್ಟೇರಿಂಗನ್ನು ಪೂರ್ತಿ ಎಡಕ್ಕೆ ತಿರುಗಿಸಿದ. ಎಲ್ಲೋ ಕೆಳಗಿನಿಂದ ಸಣ್ಣಗೆ ಒಂದು ರಾಗ ಎದ್ದಿತು. ಬಲಕ್ಕೆ ತಿರುಗಿಸಿದ. ರಾಗ ಉದ್ದವಾಯಿತು.

"ಯಾರೋ ಅಳ್ತಾ ಅವ್ರೆ," ಅಂದರು ಉಸ್ತಾದರು, ತಿರುಗದೆ.

"ಪೈಪಲ್ಲಿ ಗಾಳಿ ಸೇರೈತೆ ಉಸ್ತಾದ್. ತೆಗೀತೀನಿ."

ಮುಂದಿನ ಚಕ್ರಗಳನ್ನು ಜಾಕಿನ ಮೇಲೆತ್ತಿ, ಇಂಜಿನ್ ಬಂದ್ ಮಾಡಿ, ಸ್ಟೇರಿಂಗನ್ನು ಮೆಲ್ಲಗೆ ಆ ಕಡೆಗೂ ಈ ಕಡೆಗೂ ತಿರುಗಿಸಿದ. ಬಾಟಲಿಯಲ್ಲಿ ಗುಳ್ಳೆ ಎದ್ದು ಒಡೆದವು. ಮತ್ತೆ ಶುರು ಮಾಡಿದರೆ ಸದ್ದಿಲ್ಲ.

"ಹೋಯ್ತು ಉಸ್ತಾದ್."

"ಬೆಳಿಗ್ಗೆ ಕೂರ್ತೀನಿ," ಅಂದರು ಅವರು.

ಬೆಳಿಗ್ಗೆ ಅಳು ಮರಳಿ ಬಂದಿತ್ತು.

ಫಕೀರಪ್ಪ ಕ್ಲಿಪ್ಪು ಬಿಗಿ ಮಾಡಿದ. ಪೈಪು ಹೊಸದು ಹಾಕಿದ. ಎಣ್ಣೆ ಪೂರಾ ಬದಲಾಯಿಸಿದ. ಗಾಳಿ ತೆಗೆದಾಗಲೆಲ್ಲ ಸುಮ್ಮನಾಗುತ್ತಿತ್ತು, ಸ್ವಲ್ಪ ಓಡಿಸಿದರೆ ಮತ್ತೆ ಶುರು, ಸ್ಟೇರಿಂಗೂ ಬಿಗಿ.

"ಪಂಪು ಹಳೇದು ಉಸ್ತಾದ್."

"ಕಾರು ಒಳಗೆ ಬಂದಾಗ ಹೊಸದಿತ್ತಾ?"

"ಇಲ್ಲ. ಆದ್ರೂ ಸಣ್ಣ ಸದ್ದು. ವಕೀಲಮ್ಮಗೆ ಕೇಳಿಸೋದೂ ಇಲ್ಲ."

"ಅವರ ಭುಜಕ್ಕೆ ಕೇಳಿಸ್ತೈತೆ."

ಫಕೀರಪ್ಪ ಬೈಪಾಸಿನ ಶೆಡ್ಡಿಗೆ ಬೀಗ ತಂದಿಟ್ಟಿದ್ದ. ಅದನ್ನು ಯಾವಾಗ ತೆಗೆಯುವುದೋ ಅವನಿಗೇ ತಿಳಿಯದಾಯಿತು.

ಮರುದಿನ ಉಸ್ತಾದರು ಅವನನ್ನು ಕರೆದು ಒಂದು ಡಬ್ಬಿ ಕೊಟ್ಟರು. "ಇಂಜಿನ್ ಎಣ್ಣೆ ತುಂಬ್ಕೊಂಡು ಬಾ."

ಗ್ಯಾರೇಜಿನ ಎಣ್ಣೆ ಪೀಪಾಯಿ ಸದಾ ಎತ್ತರದ ಕಬ್ಬಿಣದ ಸ್ಟ್ಯಾಂಡಿನ, ಅವರ ಮಾತಿನಲ್ಲಿ ಕುದುರೆಯ, ಮೇಲೆ ಮಲಗಿರುತ್ತಿತ್ತು. ಬಾಯಿಗೆ ನಲ್ಲಿ. ಕೆಳಗೆ ಡಬ್ಬಿ ಹಿಡಿದು ತಿರುಗಿಸಿದರೆ ಆಯಿತು. ಇವತ್ತು ಕುದುರೆ ಖಾಲಿ.

ಪೀಪಾಯಿ ಸಿಕ್ಕಿದ್ದು ಹಳೆಯ ಟೈರುಗಳ ಹಿಂದೆ. ನೆಲದ ಮೇಲೆ ನೆಟ್ಟಗೆ ನಿಂತಿತ್ತು. ಮೇಲೆ ತೊಳೆದ ಬಟ್ಟೆ ಹೊದೆಸಿತ್ತು.

ಫಕೀರಪ್ಪ ಮುಚ್ಚಳ ತೆಗೆದು ಪೈಪು ಇಳಿಬಿಟ್ಟ. ಬಾಯಿಟ್ಟು ಎಳೆದ. ಗಾಳಿ ಬಂತು. ಮತ್ತೆ ಎಳೆದ. ಗಾಳಿಯ ಜೊತೆ ಒಂದು ತೊಟ್ಟು. ಕೆನ್ನೆ ಒಳಕ್ಕೆ ಹೋಗುವ ಹಾಗೆ ಎಳೆದಾಗ ಬಾಯಿ ತುಂಬ ಎಣ್ಣೆ.

ಓಡಿಬಂದು ಉಗಿದ.

"ಯಾಕೆ ಉಸ್ತಾದ್ ಅದನ್ನ ಕೆಳಗೆ ಇಳಿಸಿದ್ರಿ?"

"ಕಣ್ಣಿಗೆ ಅಡ್ಡ ಬರ್ತಿತ್ತು. ಈಗ ನೋಡು, ಗ್ಯಾರೇಜು ಎಷ್ಟು ನೀಟಾಗೈತೆ."

"ಮೇಲಿದ್ದಾಗ ನಲ್ಲಿ ತಿರುಗಿಸಿದ್ರೆ ತಾನೇ ಇಳೀತಿತ್ತು. ಈಗ ಪ್ರಾಣ ಹೋಗೋ ಹಾಗೆ ಎಳೀಬೇಕು. ಎಳೆದ್ರೂ ಎಣ್ಣೆಗಿಂತ ಗಾಳೀನೇ ಜಾಸ್ತಿ ಬರ್ತೈತೆ."

"ರುಚಿ ಹೆಂಗೈತೆ?"

ಫಕೀರಪ್ಪ ಬಾಯಿ ಒರೆಸಿಕೊಳ್ಳುತ್ತಿದ್ದವನು ಕೈ ನಿಲ್ಲಿಸಿದ. ಕಾರಿನ ಕಡೆ ನೋಡಿದ.

ಮೊದಲು ಬಾಟಲಿ ಪಂಪಿಗಿಂತ ಮೇಲಿತ್ತು. ಅವನು ಅದನ್ನು ಪಂಪಿಗಿಂತ ಕೆಳಗೆ ಇಳಿಸಿದ್ದ.

ಆ ಮಧ್ಯಾಹ್ನ ಅವನು ಊಟಕ್ಕೆ ಏಳಲಿಲ್ಲ. ಹೆಡ್‌ಲೈಟಿನ ಹಿಂದಿನಿಂದ ಬಾಟಲಿ ತೆಗೆದ. ಮುಂದಿನ ಗಾಜಿನ ಬುಡದಲ್ಲಿರುವ ತಗಡಿನ ಗೋಡೆಗೆ, ಬಿಸಿ ತಾಗದ ಕಡೆ, ಎತ್ತರದಲ್ಲಿ ಕೂರಿಸಿದ. ಪೈಪು ಎಲ್ಲೂ ಮೇಲೇರದೆ ನೇರ ಪಂಪಿಗೆ ಇಳಿಯಿತು. ಅಷ್ಟಕ್ಕೇ ಅವನ ಮನಸ್ಸು ತುಂಬಲಿಲ್ಲ. ತಗಡು ಕತ್ತರಿಸಿ, ಕಾರಿನದೇ ಬಣ್ಣ ಹೊಡೆದು, ಬಾಟಲಿಗೆ ಒಂದು ಹೊದಿಕೆ ಮಾಡಿ ಸ್ಕ್ರೂ ಬಿಗಿದ. ಅಲ್ಲಿ ಬಾಟಲಿ ಇದೆ ಎಂದು ಹೇಳಿದರೂ ನಂಬಲಾಗದಂತಿತ್ತು. ಕೆಲಸಗಾರಿಕೆ ಅಂದರೆ ಅದು.

ಉಸ್ತಾದರು ಕೂತರು. ಇಂಜಿನ್ ಶುರುವಾಯಿತು. ಸ್ಟೇರಿಂಗ್ ಎಡಕ್ಕೆ ಹೋಯಿತು, ಬಲಕ್ಕೆ ಬಂತು. ಅಳು ಇಲ್ಲ. ಊರ ಸುತ್ತ ಓಡಿಸಿ ತಂದು ಮತ್ತೆ ತಿರುಗಿಸಿದ. ಆಗಲೂ ಇಲ್ಲ.

ಫಕೀರಪ್ಪ ಆ ಬೆನ್ನನ್ನೇ ನೋಡುತ್ತ ಕಾದ. ಕೈ ಏಳಲಿಲ್ಲ.

"ಎಣ್ಣೆ ಎಷ್ಟೈತೆ?" ಅಂದರು ಉಸ್ತಾದರು.

"ಗೆರೆ ತನಕ ಐತೆ."

"ತುಂಬಿದವನು ನೀನು, ನಿನಗೆ ಗೊತ್ತು. ನನಗೆ ತೋರಿಸು."

ಫಕೀರಪ್ಪ ಸ್ಕ್ರೂಡ್ರೈವರ್ ತರಲು ಹೊರಟ.

"ಆ ಸ್ಕ್ರೂಡ್ರೈವರು ಗ್ಯಾರೇಜಿಂದು. ವಕೀಲಮ್ಮನ ಬ್ಯಾಗಲ್ಲಿ ಐತಾ?"

ಅವನು ನಿಂತ. ತಿರುಗಿ ಅಂದ, "ಬಾಟಲಿ ಕಂಡ್ರೆ ನನ್ನ ಕೆಲಸ ಅರ್ಧ ಹಾಳು, ಉಸ್ತಾದ್."

"ಯಾರ ಕಣ್ಣಿಗೆ?"

ಉಸ್ತಾದರು ಎದ್ದು ಚಹಾ ಕುಡಿಯಲು ಹೋದರು.

ಫಕೀರಪ್ಪ ಹೊದಿಕೆಯನ್ನು ತೆಗೆದ. ತಾನು ಮಾಡಿದ ಚೆಂದದ ವಸ್ತುವನ್ನು ತಾನೇ ಬಿಚ್ಚಿ ಪಕ್ಕಕ್ಕಿಡುವುದು ಸುಲಭದ ಕೆಲಸವಲ್ಲ. ಬಹಳ ಜನ ಅಲ್ಲೇ ಸೋಲುತ್ತಾರೆ. ಅವನು ಬಿಚ್ಚಿದ. ಬಾಟಲಿಯನ್ನು ಹೊಳೆಯುವಂತೆ ತೊಳೆದ. ಎಣ್ಣೆಯ ಗೆರೆ ಎದುರಿಗೆ ನಿಂತವರಿಗೆ ಕಾಣುವಂತೆ ತಿರುಗಿಸಿ ಕೂರಿಸಿದ. ಪೈಪುಗಳನ್ನು ಅದರ ಬೆನ್ನ ಹಿಂದೆ ಸರಿಸಿದ. ಈಗ ಇಂಜಿನ್ನಿನ ಮೇಲೆ ಏನೂ ಅಡ್ಡ ಇರಲಿಲ್ಲ. ಪಕ್ಕದಲ್ಲಿ, ಮೇಲೆ, ಬಾಟಲಿ ತನ್ನ ಪಾಡಿಗೆ ತಾನಿತ್ತು.

ಸರ್ವಮಂಗಳಮ್ಮ ಬಂದು ಬಾನೆಟ್ ಎತ್ತಿದರು. ಬಹಳ ಹೊತ್ತು ಎತ್ತಿಯೇ ನಿಂತರು.

"ಇದು ನನ್ನ ಕಾರೇನಾ?" ಅಂದರು. ಆಮೇಲೆ ಬಗ್ಗಿ, "ಇದೇನು, ಎಣ್ಣೆ ಗೆರೆ ಕನ್ನಡಕ ಇಲ್ಲದೇನೂ ಕಾಣುತ್ತೆ."

"ಕಾಣಬೇಕಮ್ಮ. ಎಣ್ಣೆ ಗೆರೆಗಿಂತ ಕೆಳಗೆ ಇಳಿದ್ರೆ ಹಾಗೇ ಓಡಿಸಬೇಡಿ, ಫೋನ್ ಮಾಡಿ."

ಅವರು ಒಳಗೆ ಕೂತು ಬಲಗೈ ಒಂದರಿಂದಲೇ ಸ್ಟೇರಿಂಗ್ ತಿರುಗಿಸಿದರು. ಇನ್ನೊಮ್ಮೆ ತಿರುಗಿಸಿದರು, ಸುಮ್ಮನೆ, ಖುಷಿಗೆ. ಎಡಗೈ ತೊಡೆಯ ಮೇಲೇ ಇತ್ತು. ಕಾರು ಗ್ಯಾರೇಜಿನಿಂದ ಹಿಂದಕ್ಕೆ ಸರಿದು, ಹೊಳೆಯ ದಾರಿಯಲ್ಲಿ ಹೊರಳಿ ಹೋಯಿತು.

ಉಸ್ತಾದರು ಬಾಗಿಲಲ್ಲಿ ನಿಂತು ಅದು ಹೋಗುವುದನ್ನು ನೋಡಿದರು. ಸ್ಟೂಲು ಮೂಲೆಯಲ್ಲೇ ಇತ್ತು.

"ನೀವು ಕೂತು ಕೇಳಲೇ ಇಲ್ಲ ಉಸ್ತಾದ್," ಅಂದ ಫಕೀರಪ್ಪ.

"ಹೂಂ."

"ಕೈನೂ ಎತ್ತಲಿಲ್ಲ."

ಉಸ್ತಾದರು ಹೆಗಲ ಮೇಲಿನ ಬಟ್ಟೆಯಲ್ಲಿ ಕೈ ಒರೆಸಿಕೊಂಡರು.

"ನನ್ನ ವ್ಯಾನಿನ ಕ್ಲಚ್ಚು ಜಾರ್ತೈತೆ. ನಾಳೆ ಪೇಟೆ ನಡುವಿಂದಾನೇ ಓಡಿಸ್ಕೊಂಡು ಬರ್ತೀನಿ, ನಾಲ್ಕು ಜನ ನೋಡ್ಲಿ. ನಿನ್ನ ಗ್ಯಾರೇಜು ಎಷ್ಟೊತ್ತಿಗೆ ತೆಗೀತೀಯಾ?"